ನಕ್ಷತ್ರ ಜನನ ಪ್ರಸಂಗ

ನಮ್ಮ ಅಪ್ಪ ಜತ್ತಪ್ಪನವರು ಮೂವತ್ತು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು, ಒಮ್ಮೆಯೂ ಮಾತಿನಲ್ಲಿ ಸೋತವರಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅದರ ಅರ್ಥ ಹಿಡಿದು ಎದುರುಬದುರು ಕೂತು ಬಾಯಲ್ಲೇ ಯುದ್ಧ. ಕಥೆಯ ಪ್ರಕಾರ ತಮ್ಮ ಪಾತ್ರ ಸಾಯಬೇಕಿದ್ದರೂ ಅಪ್ಪ ಎದುರಿನವರ ಬಾಯಿ ಮುಚ್ಚಿಸಿಯೇ ಸಾಯುತ್ತಿದ್ದರು. ಮನೆಯಲ್ಲೂ ಅದೇ ಚಾಳಿ. ಸಾರಿಗೆ ಉಪ್ಪು ಕಡಿಮೆ ಎಂದು ಅಮ್ಮನೊಡನೆ ವಾದಕ್ಕೆ ಕೂತು, ಗೆದ್ದು, ತಣ್ಣಗಾದ ಸಾರನ್ನೇ ಉಣ್ಣುತ್ತಿದ್ದರು.

ನಾನು ಬೆಳ್ತಂಗಡಿಯಲ್ಲಿ ವಿಜ್ಞಾನದ ಟೀಚರಾದದ್ದು ಅರುವತ್ತಮೂರನೇ ಇಸವಿಯಲ್ಲಿ. ಅಪ್ಪನಿಗೆ ಅದು ಲೆಕ್ಕಕ್ಕೇ ಇರಲಿಲ್ಲ.

"ನಿನ್ನ ಪಾಠದಲ್ಲಿ ರಸ ಎಲ್ಲುಂಟು ಮಗಾ? ಬರೀ ಚಪ್ಪೆ" ಎಂದರು ಒಂದು ದಿನ.

ನನಗೆ ಮೈಯೆಲ್ಲ ಉರಿಯಿತು. "ನಕ್ಷತ್ರ ಹುಟ್ಟುವುದು ಹೇಗೆ ಗೊತ್ತುಂಟಾ ನಿಮಗೆ? ಅದು ಯುದ್ಧ!" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಆಕಾಶದಲ್ಲಿ ಅನಿಲ, ಧೂಳಿನ ಮಹಾ ಮೋಡ. ಗುರುತ್ವ ಅದನ್ನು ಒಳಕ್ಕೆ ಎಳೆಯುತ್ತದೆ. ಎಳೆದಷ್ಟೂ ಮೋಡ ಬಿಸಿಯಾಗಿ, ಆ ಶಾಖ ಹೊರಕ್ಕೆ ತಳ್ಳುತ್ತದೆ. ಶಾಖ ಗೆದ್ದರೆ ಎಲ್ಲ ಚದುರಿತು, ಗುರುತ್ವ ಗೆದ್ದರೆ ಎಲ್ಲ ಕುಸಿಯಿತು. ಇಬ್ಬರೂ ಸರಿಸಮ ನಿಂತರೆ ಮಾತ್ರ ನಕ್ಷತ್ರ.

ಅಪ್ಪನ ಕಿವಿ ನೆಟ್ಟಗಾಯಿತು. "ಹಾಗಾದ್ರೆ ವಾದ ಉಂಟು ಅನ್ನು! ಪದ್ಯ ಬರಿ. ಶಾಖ ನನಗಿರಲಿ. ನಕ್ಷತ್ರ ಹುಟ್ಟಿದರೆ ನಿನ್ನದೂ ವಿದ್ಯೆಯೇ ಅಂತ ಒಪ್ಪುತ್ತೇನೆ."

"ಆದರೆ ನೀವು ಗೆಲ್ಲಬಾರದು ಅಪ್ಪ."

"ಅದು ಕೂತ ಮೇಲೆ ನೋಡುವ."

ಹನ್ನೊಂದು ಪದ್ಯ ಬರೆದೆ. ಶಾಖನಿಗೆ ತಾಪಾಸುರ ಎಂದು ಹೆಸರಿಟ್ಟೆ. ಎದುರಿಗೆ ಗುರುತ್ವರಾಯನಾಗಿ ಬಾವಾ ಎಂಬವರು ಬಂದರು. ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಬಾವಾ ಪುರಾಣಗಳನ್ನು ಅರೆದು ಕುಡಿದವರು, ಆದರೆ ಮಾತು ಬಹಳ ಮೆತ್ತಗೆ. ಅವರನ್ನು ಅಪ್ಪ ಹುರಿದು ಮುಕ್ಕುತ್ತಾರೆಂದೇ ನನಗೆ ಭಯ. ಜಡಿಮಳೆಯ ಆಟಿ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಲಾಯಿಲದವರಿರಲಿ, ದೂರದ ಚಾರ್ಮಾಡಿಯಿಂದಲೂ ಜನ ಬಂದಿದ್ದರು.

ಭಾಗವತ ಶೀನಪ್ಪಣ್ಣ ಮೊದಲ ಪದ್ಯ ಮುಗಿಸಿದ್ದೇ ತಡ, ಅಪ್ಪ ಗರ್ಜಿಸಿದರು:

"ಎಲವೋ ಗುರುತ್ವ! ಇಡೀ ಭೂಮಿಯೇ ನಿನ್ನ ಪಕ್ಷದಲ್ಲಿದ್ದು ಕೆಳಕ್ಕೆ ಎಳೆದರೂ, ಒಂದು ಎಳೆಗೂಸು ಹುಲ್ಲುಕಡ್ಡಿಯನ್ನೆತ್ತಿ ನಿನ್ನನ್ನು ಸೋಲಿಸುತ್ತದೆ. ಇಂಥ ದುರ್ಬಲನಿಗೆ ಮಹಾಮೋಡದ ಮೇಲೆ ಒಡೆತನವೇ?"

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ! ನನ್ನ ಪುಸ್ತಕವನ್ನು ಕದ್ದು ಓದಿದ್ದಾರೆ! ಸಿಟ್ಟೂ ಖುಷಿಯೂ ಒಟ್ಟಿಗೇ ಉಕ್ಕಿ ಬಂದವು. ಪದ್ಯದಿಂದ ಪದ್ಯಕ್ಕೆ ಅಪ್ಪ ಏರುತ್ತಲೇ ಹೋದರು, ಮೋಡ ಚದುರುತ್ತಲೇ ಹೋಯಿತು. ನನ್ನ ಕ್ಲಾಸಿನ ಹುಡುಗಿ ಸಾಲಿಹಾ ತಡೆಯಲಾಗದೆ, "ಹಾಗಾದ್ರೆ ನಾವು ಹುಟ್ಟುವುದೇ ಇಲ್ವಾ ಟೀಚರ್?" ಎಂದು ಕೂಗಿದಳು. ಸಭೆಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ಆಗ ಬಾವಾ ಎಂದಿನ ಮೆಲುದನಿಯಲ್ಲಿ ಹೇಳಿದರು:

"ತಾಪಾಸುರಾ, ನೀನು ಮಹಾಬಲಶಾಲಿ, ಒಪ್ಪಿದೆ. ಆದರೆ ನೀನು ಗರ್ಜಿಸಿದಷ್ಟೂ ನಿನ್ನ ಬಿಸಿ ಬೆಳಕಾಗಿ ಹೊರಗೆ ಹೋಗುತ್ತಿದೆ. ಹೋದದ್ದು ನಿನಗೆ ಮರಳಿ ಬಾರದು. ನಾನು ಬಡವ, ಖರ್ಚಾಗಲಿಕ್ಕೆ ನನ್ನಲ್ಲಿ ಏನೂ ಇಲ್ಲ. ಇವತ್ತು ಎಳೆಯುತ್ತೇನೆ, ನಾಳೆಯೂ ಎಳೆಯುತ್ತೇನೆ. ನಿನಗೆ ದಣಿವಾದಾಗ ಹೇಳು, ಇಲ್ಲೇ ಇರುತ್ತೇನೆ."

ಅಪ್ಪ ಬಾಯಿ ತೆರೆದರು, ಮುಚ್ಚಿದರು. ನೀರು ಕುಡಿದರು. ಮತ್ತೆ ತೆರೆದರು. ಮಾತಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಅಪ್ಪ ತಲೆ ತಗ್ಗಿಸಿದರು.

ಅವರು ಗೆಲ್ಲಬಾರದೆಂದು ಹರಕೆ ಹೊತ್ತವಳಂತೆ ಕೂತಿದ್ದ ನನಗೆ ಅದನ್ನು ನೋಡಲಾಗಲಿಲ್ಲ, ಕಣ್ಣು ತುಂಬಿತು. ಮುಂದಿನ ಪದ್ಯ ಅಪ್ಪನ ಪಾತ್ರದ್ದೇ, ಆದರೆ ಶೀನಪ್ಪಣ್ಣ ತಾಳ ಹಿಡಿದುಕೊಂಡು ಬೆರಗಾಗಿ ಕೂತುಬಿಟ್ಟಿದ್ದರು. ನಾನೇ ಎದ್ದು ನಿಂತು ಹಾಡಿದೆ. ಮೋಡದ ಒಡಲಲ್ಲಿ ಬಿಸಿ ಏರಿ ಏರಿ, ಹೈಡ್ರೋಜನ್ ಕಣಗಳು ಒಂದಕ್ಕೊಂದು ಬೆಸೆದು ಕಿಚ್ಚು ಹೊತ್ತಿತು ಎಂಬ ಪದ್ಯ. ಸ್ವರ ಎಲ್ಲೆಲ್ಲಿಗೋ ಹೋಯಿತು. ಮದ್ದಳೆಯವರು ಹೇಗೋ ಹಿಡಿದು ತಂದರು.

ಅಪ್ಪ ತಲೆಯೆತ್ತಿದರು.

"ಗುರುತ್ವರಾಯಾ! ನೀನು ಹಿಂಡಿದೆ. ಹಿಂಡಿದ್ದರಿಂದಲೇ ನನ್ನ ಹೊಟ್ಟೆಯೊಳಗೆ ಈ ಕಿಚ್ಚು ಹೊತ್ತಿತು. ಇನ್ನು ಖರ್ಚಾದಷ್ಟೂ ಹುಟ್ಟುತ್ತೇನೆ. ಎಳೆ, ನೋಡುವ!"

"ತಳ್ಳು, ನೋಡುವ!" ಎಂದರು ಬಾವಾ. ಮೊದಲ ಸಲ ಅವರ ದನಿ ಏರಿತ್ತು. "ನನ್ನ ಕೈಗೆ ಸಿಗದೆ ನಿನ್ನ ಸುತ್ತ ತಿರುಗುವ ಧೂಳು ಉಂಡೆಕಟ್ಟಿ ಗ್ರಹಗಳಾಗಲಿ. ಅದರಲ್ಲೊಂದರ ಮೇಲೆ ಈ ಸಭೆ ಕೂರಲಿ!"

ಜನ ಎದ್ದು ನಿಂತರು. ಚಪ್ಪಾಳೆಗೆ ಹೆಂಚು ಹಾರಿಹೋಗುತ್ತದೋ ಎನಿಸಿತು. ಸಾಲಿಹಾ ಬೆಂಚಿನ ಮೇಲೆ ಕುಣಿಯುತ್ತಿದ್ದಳು, ನನಗೂ ಕುಣಿಯಬೇಕೆನಿಸಿತ್ತು.

ಆದರೆ ಕೊನೆಯ ಪದ್ಯದ ಅರ್ಥ ಅಪ್ಪನ ಪಾಲಿಗೆ ಬಾಕಿ ಇತ್ತು. ಕೊನೆಯ ಪೆಟ್ಟು ಅವರು ಬಿಡುವವರಲ್ಲ ಎಂದು ಎಲ್ಲರಿಗೂ ಗೊತ್ತು. ಪದ್ಯ ಮುಗಿಯಿತು. ಅಪ್ಪ ಬಾವಾರನ್ನು ಬಿಟ್ಟು ನನ್ನತ್ತ ತಿರುಗಿದರು.

"ಟೀಚರ್, ಈ ಸರಿಸಮ ಎಷ್ಟು ಕಾಲ?"

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. "ನಮ್ಮ ಸೂರ್ಯನಿಗಾದರೆ ಸಾವಿರ ಕೋಟಿ ವರ್ಷ" ಎಂದೆ.

"ಅಷ್ಟು ಕಾಲ ನಾನು ಗೆಲ್ಲಬಾರದಾ?"

"ಗೆದ್ದರೆ ನಕ್ಷತ್ರ ಉಳಿಯುವುದಿಲ್ಲ ಅಪ್ಪ."

ಅವರ ಬಾಯಲ್ಲಿ ಉತ್ತರ ಸಿದ್ಧವಿತ್ತು. ತುಟಿ ನೋಡಿದರೆ ಸಾಕು, ನನಗೆ ತಿಳಿಯುತ್ತದೆ. ಅದನ್ನು ನುಂಗಿಕೊಂಡರು.

"ಭಾಗವತರೇ, ನನ್ನದು ಮುಗಿಯಿತು" ಎಂದರು. "ಮಂಗಳ ಹಾಡಿ."