ಸ್ವಂತ ಇಚ್ಛೆಯಿಂದ

ತಂಗಿ ಅಕ್ಕನ ಕಾಲುಗುರು ಕತ್ತರಿಸುತ್ತಿದ್ದಳು. ನಲವತ್ತು ವರ್ಷ ತರಗತಿಯಲ್ಲಿ ಒಮ್ಮೆಯೂ ಕೂರದೆ ಪಾಠ ಹೇಳಿದ ಕಾಲು. ಹಿಮ್ಮಡಿಯ ಬಿರುಕಿನಲ್ಲಿ ನಾಣ್ಯ ನಿಲ್ಲುವಂತಿತ್ತು. ಹತ್ತನೆಯ ಉಗುರು ಮುಗಿಯುವಷ್ಟರಲ್ಲಿ ಶಾಲೆಯ ಅಂಗಳ ತುಂಬಿತ್ತು.

ಕರೆಂಟು ಕೆಲಸದವನು, ಹೆರಿಗೆ ವಾರ್ಡಿನ ನರ್ಸು, ಬಸ್ ಡ್ರೈವರು. ಎಲ್ಲರೂ ಎದುರಿನ ದೊಡ್ಡ ಶಾಲೆ ಹೊರಗೆ ಹಾಕಿದವರು, ಅಕ್ಕನ ಶಾಲೆಯಲ್ಲಿ ಪಾಸಾದವರು.

"ಟೀಚರಮ್ಮ ಸತ್ರೂ ಹಾಜರಿ ಕರೀತಾರೇನೋ ಅಂತ ಓಡಿ ಬಂದೆ," ಎಂದ ಡ್ರೈವರು.

"ಇವತ್ತೂ ಲೇಟೇ ನೀನು, ಬಿಡು," ಎಂದಳು ನರ್ಸು. ನಕ್ಕಳು, ನಗುತ್ತಲೇ ಮೂಗೊರೆಸಿಕೊಂಡಳು.

ಗೇಟಿನ ಹತ್ತಿರ ಗುಸುಗುಸು ಎದ್ದಿತು. ದೊಡ್ಡ ಶಾಲೆಯ ಹಳೆಯ ಹೆಡ್‌ಮಾಸ್ತರು ಕೋಲೂರಿಕೊಂಡು ಬರುತ್ತಿದ್ದರು.

"ಬಂದ ನೋಡು, ನೂರಕ್ಕೆ ನೂರು!"

*

ಹಿಂದೆ, ಇವರು ಹೆಡ್‌ಮಾಸ್ತರಾಗಿದ್ದಾಗ, ಅಕ್ಕ ಆ ದೊಡ್ಡ ಶಾಲೆಯಲ್ಲೇ ಟೀಚರು. ಪಬ್ಲಿಕ್ ಪರೀಕ್ಷೆಗೆ ಮುಂಚೆ, ಫೇಲಾಗುವಂತಿದ್ದ ಮಕ್ಕಳ ಮನೆಯವರನ್ನು ಕರೆಸಿ, 'ಸ್ವಂತ ಇಚ್ಛೆಯಿಂದ ಮಗುವನ್ನು ಬಿಡಿಸುತ್ತಿದ್ದೇನೆ' ಎಂಬ ಕಾಗದಕ್ಕೆ ಸಹಿ ಹಾಕಿಸುವುದು ಅಲ್ಲಿನ ಪದ್ಧತಿ. ಫಲಿತಾಂಶ ವರ್ಷವರ್ಷವೂ ನೂರಕ್ಕೆ ನೂರು. ಅಕ್ಷರ ದುಂಡಗಿದೆಯೆಂದು ಆ ಕಾಗದಗಳನ್ನು ಅಕ್ಕನೇ ಬರೆಯುತ್ತಿದ್ದಳು.

ಒಂದು ವರ್ಷ ಪಟ್ಟಿಯಲ್ಲಿ ತಂಗಿಯ ಹೆಸರು ಬಂತು. ಅಪ್ಪ ಅಮ್ಮ ಇರಲಿಲ್ಲ. ಸಹಿಯನ್ನೂ ಅಕ್ಕನೇ ಹಾಕಬೇಕಿತ್ತು.

"ಸಾರ್, ಒಂದು ತಿಂಗಳು ಟೈಮ್ ಕೊಡಿ. ನಾನೇ ಕೂರಿಸ್ಕೊಂಡು ಹೇಳ್ಕೊಡ್ತೀನಿ."

"ನಿಮ್ಮ ತಂಗಿಗೊಂದು ನ್ಯಾಯ, ಊರವರಿಗೊಂದು ನ್ಯಾಯವೇನಮ್ಮಾ?"

ಅಕ್ಕ ಸಹಿ ಹಾಕಿದಳು. ಅದರ ಕೆಳಗೇ ತನ್ನ ರಾಜೀನಾಮೆಯನ್ನೂ ದುಂಡಗೆ ಬರೆದಳು.

ಹಿಟ್ಟಿನ ಗಿರಣಿಯ ಗೋದಾಮಿನಲ್ಲಿ, ಆ ವರ್ಷ ಹೊರಬಿದ್ದ ಏಳು ಮಕ್ಕಳೊಂದಿಗೆ ಶಾಲೆ ಶುರುವಾಯಿತು. ಆಮೇಲೆ ಪ್ರತಿ ಫಲಿತಾಂಶದ ದಿನ, ಹೊರಬಿದ್ದು ಇಲ್ಲಿ ಪಾಸಾದ ಮಕ್ಕಳ ಅಂಕಪಟ್ಟಿಯ ನಕಲು ಹೆಡ್‌ಮಾಸ್ತರ ಮನೆಗೆ ಅಂಚೆಯಲ್ಲಿ ಹೋಗುತ್ತಿತ್ತು. ಜೊತೆಗೆ ಒಂದಕ್ಷರವೂ ಇರುತ್ತಿರಲಿಲ್ಲ. ಲಕೋಟೆ ಅಂಟಿಸುವುದು ತಂಗಿಯ ಕೆಲಸ. ಆ ಅಂಟು ಅವಳ ನಾಲಿಗೆಗೆ ಸಿಹಿ.

*

ಹೆಡ್‌ಮಾಸ್ತರು ಹೂವಿಟ್ಟರು. ಹೋಗಲಿಲ್ಲ. ಇನ್ನು ಶಾಲೆ ತಂಗಿಯ ಕೈಯಲ್ಲಿದೆಯೆಂದು ಅವರಿಗೆ ಗೊತ್ತಿತ್ತು.

"ನನ್ನ ಮೊಮ್ಮಗಳು... ಗಣಿತದಲ್ಲಿ ಸ್ವಲ್ಪ ಹಿಂದೆ. ನಿನ್ನೆ ನಮ್ಮ ಶಾಲೆಯವರು ಅವಳಪ್ಪನ ಸಹಿ ತಗೊಂಡುಬಿಟ್ರಮ್ಮಾ."

"ಸ್ವಂತ ಇಚ್ಛೆಯಿಂದಾನೇ ತಾನೆ, ಸಾರ್?" ಕರೆಂಟಿನವನು ಕೇಳಿದ. ಯಾರೋ ಕಿಸಕ್ಕೆಂದರು.

"ಬಿತ್ತಿದ್ದನ್ನ ಕೊಯ್ಕೊಳ್ಳಲಿ ಬಿಡ್ರೋ," ಎಂದಳು ನರ್ಸು.

ಬಂದ ಮಗುವನ್ನು ವಾಪಸ್ ಕಳಿಸಬಾರದು. ಅಕ್ಕನ ಶಾಲೆಗಿದ್ದುದು ಅದೊಂದೇ ನಿಯಮ. 'ನಾಳೆ ಕಳಿಸಿ' ಎಂಬ ಮಾತು ತಂಗಿಯ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿದಳು. ಅಂದು ಅಕ್ಕ ಇವನ ಮೇಜಿನ ಮುಂದೆ ಬೇಡಿಕೊಂಡು ನಿಂತಿದ್ದಳಲ್ಲ, ಇವನೂ ನಿಲ್ಲಲಿ.

ಅವಳು ಡ್ರೈವರನಿಗೆ ಕಣ್ಸನ್ನೆ ಮಾಡಿ, ಮುಂದೆ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟಳು. ಜನ ಮುದುಕನ ಪಕ್ಕದಿಂದ ಸರಿದು ಹೊರಟರು.

ಗೇಟಿನಾಚೆ, ಪುಸ್ತಕದ ಚೀಲ ಎದೆಗವಚಿಕೊಂಡು ಮೊಮ್ಮಗಳು ನಿಂತಿದ್ದಳು. ಶವಕ್ಕೆ ದಾರಿ ಬಿಟ್ಟು ಗೋಡೆಗೊತ್ತಿಕೊಂಡಳು.

"ಟೀಚರ್, ಒಳಗೆ ಬರ್ಲಾ?"

ತಂಗಿ ಹೆಗಲ ಮೇಲಿನ ಭಾರವನ್ನು ಸರಿಮಾಡಿಕೊಂಡು ಮುಂದೆ ನಡೆದಳು.