ಅರವತ್ತು ಎಡತೋಳುಗಳು

ನಮ್ಮ ಹೊಲಿಗೆ ಕಾರ್ಖಾನೆಗೆ ಶಾಂತಿ ಬಂದದ್ದು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಹಿತ್ತಾಳೆಯ ಬಟ್ಟಲಿನ ರೂಪದಲ್ಲಿ. ತಂದವನು ಮಾಲೀಕಮ್ಮನ ಅಳಿಯ. ಮೂರು ದಿನದ ಯಾವುದೋ ಶಿಬಿರಕ್ಕೆ ಹೋಗುವಾಗ ಬರೀ ಮೇಲ್ವಿಚಾರಕನಾಗಿದ್ದವನು ಬರುವಾಗ ಮಹಾಜ್ಞಾನಿಯಾಗಿದ್ದ. ಬೆನ್ನ ಹಿಂದೆ ನಾವು ಅವನನ್ನು ಅಳಿಯದೇವರು ಎನ್ನುತ್ತಿದ್ದೆವು.

ಅವನು ಬಟ್ಟಲಿಗೆ ಠಣ್ ಎಂದು ಬಡಿದರೆ ನಲವತ್ತು ಯಂತ್ರಗಳು ನಿಲ್ಲಬೇಕು. ಎಲ್ಲರೂ ಕಣ್ಣು ಮುಚ್ಚಿ ಹತ್ತು ನಿಮಿಷ ತಮ್ಮ ಉಸಿರನ್ನು ಗಮನಿಸಬೇಕು. ಆ ಹತ್ತು ನಿಮಿಷವನ್ನು ಚಹಾದ ಬಿಡುವಿನಿಂದ ಕತ್ತರಿಸಿಕೊಂಡಿದ್ದ. ಆಮೇಲೆ ನೋಟ್‌ಬುಕ್ಕಿನಲ್ಲಿ ಅವರವರ ಸಿಟ್ಟಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯಬೇಕು. ಎಲ್ಲರೂ ಎರಡು ಎಂದೇ ಬರೆಯುತ್ತಿದ್ದರು. ಸೊನ್ನೆ ಬರೆದರೆ ನಂಬುತ್ತಿರಲಿಲ್ಲ, ಮೂರು ಬರೆದರೆ ಕರೆದು ಕೂರಿಸಿ ಮಾತಾಡುತ್ತಿದ್ದ.

ನನ್ನಜ್ಜಿಯ ಕಥೆಯಲ್ಲೊಬ್ಬ ರಾಜನಿದ್ದ. ಆಕಳಿಕೆ ಬಂದಾಗಲೆಲ್ಲ ಡಂಗುರ ಹೊಡೆಸಿ ಊರಿಗೆ ಊರೇ ಕಣ್ಣು ಮುಚ್ಚುವಂತೆ ಮಾಡುತ್ತಿದ್ದ, ತನ್ನ ಹುಳುಕು ಹಲ್ಲು ಯಾರಿಗೂ ಕಾಣಬಾರದೆಂದು. ಬಟ್ಟಲು ಠಣ್ ಎಂದೊಡನೆ ನಾನು ಆ ರಾಜನಿಗೆ ಅಳಿಯದೇವರ ಮೀಸೆ ಅಂಟಿಸುತ್ತಿದ್ದೆ, ಅವನ ಬೋಳುತಲೆಯ ಮೇಲೆ ಕಿರೀಟವನ್ನು ಜಾರಿಸುತ್ತಿದ್ದೆ. ಹತ್ತು ನಿಮಿಷ ನನಗೆ ಸಾಲುತ್ತಲೇ ಇರಲಿಲ್ಲ.

ನನ್ನ ಕೆಲಸ ಬಟ್ಟೆ ಹಾಸುವುದು. ಉದ್ದನೆಯ ಮೇಜಿನ ಮೇಲೆ ನಾನು ಪದರದ ಮೇಲೆ ಪದರ ಹಾಸಿಕೊಟ್ಟರೆ, ಚಿಕ್ಕಮ್ಮ ಅಷ್ಟನ್ನೂ ಒಂದೇ ಸಲಕ್ಕೆ ಕತ್ತರಿಸುತ್ತಾಳೆ. ಹತ್ತೊಂಬತ್ತು ವರ್ಷದಿಂದ ಆ ಮೇಜು ಅವಳದು. ನನ್ನನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ. ಕತ್ತರಿಸುವ ಯಂತ್ರ ಚಾಲೂ ಮಾಡುವ ಮುಂಚೆ ಅವಳು ಕಣ್ಣು ಮುಚ್ಚಿ, ಒಂದು ಅಂಗೈಯನ್ನು ಬಟ್ಟೆಯ ಮೇಲೆ ಊರಿ, ಇನ್ನೊಂದು ಕೈಯ ಹೆಬ್ಬೆರಳನ್ನು ಅಂಚಿನ ಪದರಗಳ ನಡುವೆ ಇಳಿಸುತ್ತ ಒಂದೆರಡು ನಿಮಿಷ ಸುಮ್ಮನೆ ನಿಲ್ಲುತ್ತಾಳೆ.

ಶಾಂತಿಯ ಜೊತೆಗೆ ಅಳಿಯದೇವರು ಒಂದು ಸ್ಟಾಪ್‌ವಾಚನ್ನೂ ತಂದಿದ್ದ.

"ಏನಮ್ಮಾ, ನಿಂತೇ ನಿದ್ದೆನಾ?"

"ಇಲ್ಲ ಸರ್. ಕೈ ನಡುಗ್ತಿದೆಯಾ ಅಂತ ನೋಡ್ಕೋತೀನಿ. ನಡುಗಿದ್ರೆ ಒಂಚೂರು ಕಾಯ್ತೀನಿ. ಬಟ್ಟೆ ಸರಿಯಾಗಿ ಹಾಸಿದ್ಯಾ ಅಂತಾನೂ ಬೆರಳಿಗೆ ಗೊತ್ತಾಗುತ್ತೆ."

"ಕಣ್ಣು ಮುಚ್ಚೋದಕ್ಕೆ ಹನ್ನೊಂದು ಗಂಟೆ ಅಂತ ಇಟ್ಟಿದೀನಲ್ಲ. ಇದು ಕೆಲಸದ ಹೊತ್ತು. ಇನ್ನೊಂದ್ಸಲ ಹೀಗೆ ನಿಂತಿದ್ದು ಕಂಡ್ರೆ ಗುಂಡಿ ಹೊಲಿಯೋ ವಿಭಾಗಕ್ಕೆ ಕಳಿಸ್ತೀನಿ."

ಗುಂಡಿ ವಿಭಾಗವೆಂದರೆ ಕಿಟಕಿಯಿಲ್ಲದ ಹಿಂದಿನ ಕೋಣೆ. ಹೊಸಬರನ್ನೂ ಕಣ್ಣು ಮಂಜಾದವರನ್ನೂ ಕೂರಿಸುವ ಜಾಗ. ಚಿಕ್ಕಮ್ಮ ಆ ದಿನ ಊಟದ ಡಬ್ಬಿ ತೆರೆಯಲೇ ಇಲ್ಲ.

ಗುರುವಾರ ಬಸ್ ಚಾಲಕರ ಮೂವತ್ತು ಕೋಟುಗಳ ತೋಳು ಕತ್ತರಿಸುವುದಿತ್ತು. ಅರವತ್ತು ಪದರ. ಆ ಬಟ್ಟೆಗೆ ಒಂದು ಮೈ ನವಿರು, ಇನ್ನೊಂದು ಒರಟು. ನವಿರಿಗೆ ನವಿರು, ಒರಟಿಗೆ ಒರಟು ಮುಖಾಮುಖಿಯಾಗುವಂತೆ ಹಾಸಬೇಕು. ಹಾಗಾದರೆ ಮಾತ್ರ ಜೋಡಿಯಲ್ಲಿ ಒಂದು ಎಡತೋಳು, ಒಂದು ಬಲತೋಳು ಬರುತ್ತದೆ. ಎಲ್ಲವನ್ನೂ ಒಂದೇ ಮೈ ಮೇಲಾಗಿ ಹಾಸಿದರೆ ಎಲ್ಲವೂ ಒಂದೇ ಕಡೆಯ ತೋಳು. ಸೇರಿದ ಮೊದಲ ದಿನವೇ ಕಲಿಸುವ ಪಾಠ ಇದು.

ಬಟ್ಟಲು ಬಡಿದು, ಕಣ್ಣು ಮುಚ್ಚಿ ತೆರೆದು, ಎರಡು ಎಂದು ಬರೆದು ಬಂದು ನಾನು ಹಾಸತೊಡಗಿದೆ. ತಲೆಯೊಳಗೆ ರಾಜನ ಕಥೆ ಇನ್ನೂ ಓಡುತ್ತಿತ್ತು. ಕಿರೀಟ ಅವನ ಮೂಗಿನವರೆಗೆ ಜಾರಿತ್ತು. ಕೈ ತನ್ನಷ್ಟಕ್ಕೆ ಹಾಸಿತು.

ಚಿಕ್ಕಮ್ಮ ಮೇಜಿನ ಬಳಿ ಬಂದಳು. ಎದುರಿಗೆ ಅಳಿಯದೇವರು ಸ್ಟಾಪ್‌ವಾಚ್ ಹಿಡಿದು ನಿಂತಿದ್ದ. ಅವಳು ಅವನ ಮುಖ ನೋಡಿದಳು, ಬಟ್ಟೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಅಂಗೈ ಊರಿ, ಯಾವತ್ತಿನಂತೆಯೇ ನಿಂತಳು. ಹೆಬ್ಬೆರಳು ಅಂಚಿನಲ್ಲಿ ಇಳಿಯುತ್ತ ಹೋಗಿ ಗಕ್ಕನೆ ನಿಂತಿತು. ಕಣ್ಣು ತೆರೆದು ನನ್ನತ್ತ ನೋಡಿದಳು. ಆಗಲೇ ನನಗೆ ಗೊತ್ತಾದದ್ದು. ಅರವತ್ತಕ್ಕೆ ಅರವತ್ತೂ ನವಿರು ಮೇಲಾಗಿ ಹಾಸಿಬಿಟ್ಟಿದ್ದೆ.

"ಸರ್, ಇದನ್ನ ಮತ್ತೆ ಹಾಸ್ಬೇಕು," ಎಂದಳು ಚಿಕ್ಕಮ್ಮ. ನನ್ನ ಹೆಸರೆತ್ತಲಿಲ್ಲ.

"ನೆಪ. ಅಲ್ಲಿಗೆ ಎರಡು ನಿಮಿಷ ಹದಿನಾಲ್ಕು ಸೆಕೆಂಡು ಹಾಳು. ನಡೀರಿ, ಗುಂಡಿ ವಿಭಾಗಕ್ಕೆ."

"ಹೋಗ್ತೀನಿ. ಆದ್ರೆ ಇದನ್ನ ಕತ್ತರಿಸಬೇಡಿ ಸರ್. ತಪ್ಪಾಗಿದೆ."

"ನಿಮ್ಮ ಒತ್ತಡ ನನಗೆ ಅಂಟಿಸ್ಬೇಡಿ." ಅವನು ಯಂತ್ರವನ್ನು ತಾನೇ ಕೈಗೆತ್ತಿಕೊಂಡ. ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡ. ಮುಖದ ಮೇಲೆ ಶಿಬಿರದ ನಗು ತಂದುಕೊಂಡ.

ಹಾಸಿದವಳು ನಾನು. ಉಲ್ಟಾ ಹಾಸಿದ್ದೀನಿ ಎಂದು ನಾನೇ ಬಾಯಿ ಬಿಟ್ಟಿದ್ದರೆ ಅವನು ನಂಬುತ್ತಿದ್ದ, ಚಿಕ್ಕಮ್ಮನ ಮೇಜೂ ಉಳಿಯುತ್ತಿತ್ತು. ನಾನು ಬಿಡಲಿಲ್ಲ, ನಗು ತಡೆಯಲು ತುಟಿ ಬಿಗಿದು ನಿಂತೆ. ರಾಜ ಬಾಯಿ ಅಗಲಿಸುವುದನ್ನು ನೋಡಬೇಕಿತ್ತು ನನಗೆ. ಯಂತ್ರ ಗುರ್ರೆಂದಿತು. ಅವನು ಬಹಳ ಶಾಂತವಾಗಿ, ಬಹಳ ನೀಟಾಗಿ, ಅರವತ್ತು ಎಡತೋಳುಗಳನ್ನು ಕತ್ತರಿಸಿದ.

ಸಂಜೆ ಮಾಲೀಕಮ್ಮ ಬಂದರು. ಒಂದೊಂದೇ ತೋಳು ಎತ್ತಿ ನೋಡಿದರು. ಮೂರನೆಯದಕ್ಕೇ ಸಾಕೆನಿಸಿತು.

"ಯಾರು ಕತ್ತರಿಸಿದ್ದು?"

ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು.

"ಎರಡೂ ಕಡೆ ಎಡಗೈ ಇರೋ ಡ್ರೈವರುಗಳು ಎಲ್ಲಿ ಸಿಗ್ತಾರೆ ಅಳಿಯಂದಿರೇ? ಶಿಬಿರದಲ್ಲಿ ಏನಾದ್ರೂ ವಿಳಾಸ ಕೊಟ್ಟಿದಾರಾ?"

ಅವನು ಉಸಿರನ್ನು ಗಮನಿಸುತ್ತ ನಿಂತಿದ್ದ. ಮಾಲೀಕಮ್ಮ ಗುಂಡಿ ವಿಭಾಗದಿಂದ ಚಿಕ್ಕಮ್ಮನನ್ನು ಕರೆಸಿದರು. "ನಿನ್ನ ಮೇಜು ನೀನೇ ನೋಡ್ಕೋ. ಜೊತೆಗೆ ಯಾರು ಬೇಕು, ಯಾರು ಬೇಡ, ನಿನಗೆ ಬಿಟ್ಟಿದ್ದು."

ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ ಅದನ್ನು ನೋಡಿದಳು.

"ಮಧ್ಯಾಹ್ನಾನೂ ಹೀಗೇ ನಗ್ತಿದ್ದೆ," ಎಂದಳು ತಣ್ಣಗೆ. "ನನ್ನ ಮೇಜು ಹೋಗ್ತಿತ್ತು, ನಿನಗೆ ನಗು."

"ಚಿಕ್ಕಮ್ಮ, ಅವನಿಗೆ ಬುದ್ಧಿ ಬರಲಿ ಅಂತ..."

"ಅವನು ಪೆದ್ದ, ಗೊತ್ತಿಲ್ದೆ ಕತ್ತರಿಸಿದ. ನೀನು ಗೊತ್ತಿದ್ದೂ ನಿಂತೆ. ನಾಳೆಯಿಂದ ಗುಂಡಿ ಹೊಲಿ. ಹಾಸೋಕೆ ಬೇರೆಯವರು ಬರ್ತಾರೆ."

ಈಗ ನಾನು ಕಿಟಕಿಯಿಲ್ಲದ ಕೋಣೆಯಲ್ಲಿದ್ದೇನೆ. ಒಂದು ಗುಂಡಿಗೆ ನಾಲ್ಕು ತೂತು, ಎಂಟು ಸಲ ದಾರ. ಬಟ್ಟಲು ಈಗಲೂ ಹನ್ನೊಂದಕ್ಕೆ ಬಡಿಯುತ್ತದೆ. ಅಳಿಯದೇವರಿಗೆ ಬುದ್ಧಿಯೇನೂ ಬಂದಿಲ್ಲ, ಮುಂದಿನ ತಿಂಗಳು ಏಳು ದಿನದ ಶಿಬಿರವಂತೆ. ನಾನು ಕಣ್ಣು ಮುಚ್ಚುತ್ತೇನೆ. ರಾಜನನ್ನು ಕರೆಯುತ್ತೇನೆ, ಬರುವುದಿಲ್ಲ. ಗುರ್ರೆನ್ನುವ ಯಂತ್ರ, ಅದರ ಪಕ್ಕದಲ್ಲಿ ತುಟಿ ಬಿಗಿದು ನಿಂತ ಒಬ್ಬ ಹುಡುಗಿ, ಅಷ್ಟೇ ಕಾಣುವುದು.

ನೋಟ್‌ಬುಕ್ಕಿನಲ್ಲಿ ಮೊನ್ನೆ ಒಂಬತ್ತು ಎಂದು ಬರೆದೆ. ಅವನು ಓಡಿಬಂದ.

"ಯಾರ ಮೇಲಮ್ಮ ಇಷ್ಟೊಂದು ಸಿಟ್ಟು?"

"ನಿಮ್ಮ ಮೇಲೆ ಬರೀ ಎರಡು ಸರ್," ಎಂದೆ.