ಧೂಳೆಳೆಯುವ ಮೆಷಿನ್ನಿಗೆ ಹೂ ಕೇಳಿದ್ದು

ನಮ್ಮ ಯಜಮಾನರು ದೇವರಾಜು ಹಲಗೆಯನ್ನು ಬೆರಳಲ್ಲಿ ತಟ್ಟಿ ಎಲ್ಲಿ ಸೀಳು ಬಿಡುತ್ತದೆಂದು ಹೇಳಬಲ್ಲರು. ಆದರೆ ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಎಂದು ಕೇಳಿದರೆ ಸಪ್ಲೈಯರ್ ಎರಡು ಸಲ ಬಂದು ಹೋಗಬೇಕು. ಇಂಥವರ ಕೈಗೆ ನನ್ನ ಎದೆಗೂಡಿನ ಹಣೆಬರಹ ಸಿಕ್ಕಿಕೊಂಡಿತ್ತು.

ನಮ್ಮದು ಗಾಡಿಯ ಮೇಲಿನ ಮರಗೆಲಸ. ಮನೆ ಚನ್ನರಾಯಪಟ್ಟಣದಲ್ಲಿ. ಹಾಸನ, ಅರಕಲಗೂಡು, ಹೊಳೆನರಸೀಪುರ, ಯಾರು ಕರೆದರೂ ಅವರ ಮನೆ ಮುಂದೆ ಲಗೇಜ್ ಗಾಡಿ ನಿಲ್ಲಿಸಿ, ಅವರದೇ ಕರೆಂಟ್ ಎಳೆದುಕೊಂಡು, ಗಾಡಿಯೊಳಗೇ ಕೊಯ್ದು ಉಜ್ಜಿ ವಾರ್ಡ್‌ರೋಬು ಜೋಡಿಸಿಕೊಟ್ಟು ಬರುತ್ತೇವೆ. ಕೊಯ್ಯುವುದು ಅವರು, ಉಜ್ಜುವುದು, ಪಾಲಿಶ್ ಹಾಕುವುದು ನಾನು. ರುದ್ರಪಟ್ಟಣದ ಸಂಗೀತದ ಮೇಷ್ಟ್ರೊಬ್ಬರು ತಮ್ಮ ವೀಣೆಯ ಪೆಟ್ಟಿಗೆಯನ್ನು "ರೂಪಶ್ರೀನೇ ಮುಟ್ಟಲಿ" ಎಂದು ನನ್ನ ಕೈಗೇ ಕೊಟ್ಟಿದ್ದರು. ಈ ಕೆಲಸವೆಂದರೆ ನನಗೆ ಪ್ರಾಣ.

ಆದರೆ ಪ್ಲೈವುಡ್ಡಿನ ಧೂಳು ನನ್ನೆದೆಯಲ್ಲಿ ಬಿಡಾರ ಹೂಡಿತು. ಕೆಮ್ಮು ಹಿಡಿದರೆ ಗಾಡಿಯ ಬಾಗಿಲು ಹಿಡಿದುಕೊಂಡು ಬಗ್ಗಿ ನಿಲ್ಲಬೇಕಾಗುತ್ತಿತ್ತು. ಹಾಸನದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಗಾಡಿಯಿಂದ ಧೂಳು ಇಳೀಬೇಕು, ಇಲ್ಲಾ ನೀವು ಇಳೀಬೇಕಮ್ಮ" ಎಂದರು. ನಮ್ಮತ್ತೆ ಚಿಕ್ಕಲಕ್ಷ್ಮಮ್ಮನವರಿಗೆ ಎರಡನೆಯ ದಾರಿಯೇ ಹಿಡಿಸಿತು. "ಮನೇಲಿರು ಕಣಮ್ಮಿ. ಇಬ್ರೂ ಜಗಲೀಲಿ ಕೂತ್ಕಂಡು ಅವರೆಕಾಯಿ ಬುಡಿಸವ" ಎಂದರು. ಅವರಿಗೆ ನನ್ನ ಮೇಲೆ ಪ್ರೀತಿಯಿಲ್ಲವೆಂದಲ್ಲ. ಪ್ರೀತಿ ಇದ್ದದ್ದೇ ತೊಂದರೆ.

ಧೂಳೆಳೆಯುವ ಮೆಷಿನ್ ತಗೊಳ್ಳೋಣ ಎಂದೆ. ಯಜಮಾನರು ತಕ್ಷಣ ಒಪ್ಪಿದರು. ಒಪ್ಪಿ, ಮುಂಗಾರು ಮುಗಿದು ರಾಗಿ ಕೊಯ್ಲು ಬರುವವರೆಗೂ ಮೊಬೈಲಿನಲ್ಲಿ ಮೆಷಿನ್ನುಗಳ ವಿಡಿಯೊ ನೋಡಿದರು. ನಾನು ಕೆಮ್ಮಿದರೆ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳುತ್ತಿದ್ದರು.

ಹಾಸನದಲ್ಲಿ ಮೆಷಿನ್ ಅಂಗಡಿ ಇಟ್ಟಿರುವ ಸಂಜಯ್ ನಮ್ಮ ಯಜಮಾನರ ಚಿಕ್ಕಪ್ಪನ ಮಗ. ಇವರ ಫೋನು ಎತ್ತಿ ಎತ್ತಿ ಅವನಿಗೆ ಸಾಕಾಗಿತ್ತು. ಒಂದು ದಿನ ದೊಡ್ಡದೊಂದು, ಚಿಕ್ಕದೊಂದು, ಎರಡು ಮೆಷಿನ್ನನ್ನೂ ತಾನೇ ನಮ್ಮ ಗಾಡಿಗೆ ಹೇರಿಬಿಟ್ಟ.

"ಅಣ್ಣಾ, ಎರಡನ್ನೂ ತಗಂಡೋಗು. ನಾಳೆ ಒಂದನ್ನ ವಾಪಸ್ ತಂದ್ಬುಡು. ಆದ್ರೆ ವಾಪಸ್ ಬರೋ ಮೆಷಿನ್ನೊಳಕ್ಕೆ ಒಂದು ಚೂರು ಕಸನೂ ಓಗಿರ್ಬಾರ್ದು. ಏನಾದ್ರೂ ಒಳಕ್ಕೋಯ್ತೋ, ಅದು ನಿಂದೇ."

ಧೂಳೆಳೆಯುವ ಮೆಷಿನ್ನನ್ನು ಧೂಳು ಎಳೆಸದೆ ಪರೀಕ್ಷೆ ಮಾಡಬೇಕು. ನಮ್ಮ ಯಜಮಾನರಿಗೆ ಇದು ಬಹಳ ನ್ಯಾಯವಾದ ಮಾತಾಗಿ ಕಂಡಿತು.

ದೊಡ್ಡದು ಎದೆಮಟ್ಟ ಇತ್ತು. ಚಾಲೂ ಮಾಡಿದರೆ ಮೇಲಿನ ಬಟ್ಟೆಯ ಚೀಲ ಉಬ್ಬಿ ಗಾಡಿಯ ಟಾಪಿಗೆ ತಾಗುತ್ತಿತ್ತು. ಅದನ್ನು ಒಳಗಿಡಬೇಕಾದರೆ ಕೊಯ್ಯುವ ಟೇಬಲನ್ನೇ ಇಳಿಸಬೇಕು. "ಟೇಬಲ್ ಇಳಿಸಿದ್ರೆ ದೂಳೂ ಇರಾಕಿಲ್ಲ" ಎಂದು ಇವರು ಅದನ್ನೂ ಒಂದು ಅನುಕೂಲಕ್ಕೆ ಸೇರಿಸಿದರು. ಚಿಕ್ಕದು ಹಾಲಿನ ಕ್ಯಾನಿನಷ್ಟು. ಉಜ್ಜುವ ಮೆಷಿನ್ನಿಗೇ ಅದರ ಪೈಪು ಸಿಕ್ಕಿಸಬಹುದು. ಸಣ್ಣ ಹುಡಿಯನ್ನೂ ಆಚೆ ಬಿಡದ ಫಿಲ್ಟರು. ಇನ್ನೇನು ನೋಡಬೇಕು? "ಎಳೀತದೋ ಇಲ್ವೋ ಎಂಗೇಳದು? ಪಾಪ, ಚಿಕ್ಕದು" ಎಂದು ತಲೆ ಕೆರೆದುಕೊಂಡರು. ನನಗೆ ಆ ತಲೆಯ ಮೇಲೆ ಮೊಟಕಬೇಕೆನಿಸಿತು.

"ಅದ್ಯಾಕ್ಲಾ ಒದ್ದಾಡ್ತಿಯ? ತಾಯಿ ತಾವ ಹೂವ ಕೇಳವ ನಡಿ" ಎಂದರು ಅತ್ತೆ.

ಹಿರೀಸಾವೆ ಹತ್ತಿರದ ಅತ್ತೆಯ ತವರಿನಲ್ಲಿ ಊರಮ್ಮನ ಗುಡಿಯಿದೆ. ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಕೇಳಬೇಕಾದ್ದನ್ನು ಕೇಳಿ, ಕೈಮುಗಿದು ನಿಲ್ಲಬೇಕು. ಬಲಗಡೆಯ ಹೂ ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಹಸು, ಬೋರ್‌ವೆಲ್, ಫ್ರಿಜ್ಜು ಎಲ್ಲಕ್ಕೂ ಅವರ ಮನೆಯಲ್ಲಿ ಹೂ ಕೇಳಿಯೇ ಮುಂದಿನ ಮಾತು. ನನ್ನನ್ನು ತಂದದ್ದೂ ಹಾಗೆಯೇ.

ಅವತ್ತೇ ಹೋದೆವು. ಪೂಜಾರಿ ಗೌರೀಶಂಕರ ಹೂ ಅಂಟಿಸಿ, ದೊಡ್ಡ ಮೆಷಿನ್ ಆಗಬಹುದೇ ಎಂದು ಕೇಳಿ ಬಹಳ ಹೊತ್ತು ಕಾದ. ಯಾವ ಹೂವೂ ಕದಲಲಿಲ್ಲ.

"ಇದೇನು ವಸ್ತು ಅಂತ ತಾಯಿಗೆ ತಿಳೀಬ್ಯಾಡ್ವಾ? ಒಳಕ್ಕೆ ತಂದು ಚಾಲೂ ಮಾಡಿ ತೋರ್ಸಿ" ಎಂದ.

ಮೈಕ್‌ಸೆಟ್ಟಿನ ಪ್ಲಗ್ಗಿಗೆ ದೊಡ್ಡದನ್ನು ಸಿಕ್ಕಿಸಿದರು. ಚೀಲ ಸೀದಾ ಎದ್ದು ನಿಂತಿತು. ಅತ್ತೆ ಅದಕ್ಕೂ ಒಂದು ಕೈಮುಗಿದರು. ಅಷ್ಟರಲ್ಲಿ ಗುಡಿಯ ಫ್ಯೂಸು ಹಾರಿತು.

"ತಾಯಿ ಒಲ್ಲೆ ಅಂದ್ಲು ಕಣಪ್ಪ" ಎಂದ ಪೂಜಾರಿ.

"ಅದು ತಾಯಿ ಹೇಳಿದ್ದಾ, ಫ್ಯೂಸ್ ಹೇಳಿದ್ದಾ?" ಎಂದರು ಯಜಮಾನರು.

"ಫ್ಯೂಸೂ ತಾಯೀದೇ ಅಲ್ವಾ?"

ಫ್ಯೂಸಿಗೆ ತಂತಿ ಕಟ್ಟಿದ್ದಾಯಿತು. ಚಿಕ್ಕದನ್ನು ಅದೇ ಪ್ಲಗ್ಗಿಗೆ ಸಿಕ್ಕಿಸಿ ಗರ್ಭಗುಡಿಯ ಹೊಸ್ತಿಲ ಬಳಿ ಇಟ್ಟು, ಪೈಪು ಹಿಡಿದು ನಾನು ಪಕ್ಕದಲ್ಲೇ ಮೊಣಕಾಲೂರಿದೆ. ಸಣ್ಣ ಗುಡಿ, ಅಮ್ಮ ಕೈಗೆಟಕುವಷ್ಟು ಹತ್ತಿರ. ಈ ಸಲ ಮನೆಯ ಹಿರಿಯರೇ ಕೇಳಲಿ ಎಂದು ಪೂಜಾರಿ ಆ ಕಡೆ ತಿರುಗಿ ಗಂಟೆ ಬಾರಿಸತೊಡಗಿದ. ಯಜಮಾನರು ಭಕ್ತಿಯಿಂದ ಕಣ್ಣು ಮುಚ್ಚಿದರು. ಅತ್ತೆ ಗಟ್ಟಿಯಾಗಿ ಕೇಳಿಕೊಂಡರು:

"ತಾಯೀ, ಈ ಮೆಷಿನ್ನೆಲ್ಲ ಯಾಕವ್ವ? ನಮ್ ರೂಪ ಗಾಡಿ ಬುಟ್ಟು ಮನೇಲಿರ್ಲಿ ಅನ್ನಂಗಿದ್ರೆ ಬಲಗಡೆ ಕೊಟ್ಬುಡು!"

ಬಂದದ್ದು ಮೆಷಿನ್ ಕೇಳಲು. ಇವರು ಕೇಳಿದ್ದು ನನ್ನ ಬಾಳನ್ನು. ಅಷ್ಟೂ ಹೊತ್ತು ಕದಲದೆ ಕೂತಿದ್ದ ಹೂ ಆಗಲೇ ಕದಲಬೇಕೆ! ಬಲಭುಜದ ಬಿಳಿ ಕಣಗಿಲೆ ಮೆಲ್ಲಗೆ ಜಾರುತ್ತಿತ್ತು. ನನಗೆ ಅತ್ತೆಯ ಮೇಲೂ, ಅಮ್ಮನ ಮೇಲೂ ಒಟ್ಟಿಗೇ ಸಿಟ್ಟು ಬಂತು. ಪೈಪು ಚಾಚಿ ಸ್ವಿಚ್ ಒತ್ತಿದೆ.

ಬಲಗಡೆಯ ಹೂ ಹಾಗೇ ಒಳಕ್ಕೆ ಹೋಯಿತು. ಬಲಗಡೆಯದೊಂದೇ ಯಾಕೆ ಹೋಯಿತೆಂದು ಯಾರೂ ಕೇಳಬಾರದೆಂದು ಎಡಗಡೆಯದನ್ನೂ ಎಳೆಸಿದೆ. ಅದರ ಹಿಂದೆ ತಟ್ಟೆಯ ಕುಂಕುಮ ಹೋಯಿತು, ಪೂಜಾರಿಯ ಟವೆಲ್ಲಿನ ಅಂಚು ಪೈಪಿಗೆ ಕಚ್ಚಿಕೊಂಡಿತು. ಅವನು "ಅಯ್ಯಯ್ಯೋ" ಎಂದು ಗಂಟೆ ಬಿಟ್ಟು ತಿರುಗಿದ.

"ಯಾವ ಕಡೆ ಬಿತ್ತು?" ಎಂದು ಯಜಮಾನರು ನೆಲದ ಮೇಲೆಲ್ಲ ಹುಡುಕಿದರು.

"ಬೀಳ್ಲಿಲ್ಲ. ಒಳಕ್ಕೋಯ್ತು" ಎಂದೆ.

"ಬಲಗಡೇದಾ?"

"ಎರಡೂ."

ಪೂಜಾರಿ ಟವೆಲ್ ಬಿಡಿಸಿಕೊಂಡು, ಖಾಲಿ ಭುಜಗಳನ್ನೂ ಮೆಷಿನ್ನನ್ನೂ ನೋಡಿದ. "ಇಂಗೆ ಯಾವತ್ತೂ ಆಗಿರ್ಲಿಲ್ಲ. ತಾಯಿ ಮೆಷಿನ್ನಿಗೇ ಹೂವ ಕೊಟ್ಬುಟ್ಲು ಕಣಪ್ಪ!" ಎಂದ.

ಯಜಮಾನರ ಮುಖ ಅರಳಿತು. "ಒಳಕ್ಕೋದ್ರೆ ನಮ್ದೇ ಅಂದಿದ್ನಲ್ಲ ಸಂಜಯ. ಇನ್ನೇನು, ತೀರ್ಮಾನ ಆದಂಗಾಯ್ತು!" ಮದುವೆಯಾದ ಮೇಲೆ ಅವರನ್ನು ಅಷ್ಟು ನೆಮ್ಮದಿಯಲ್ಲಿ ನಾನು ನೋಡಿರಲಿಲ್ಲ.

ವಾಪಸ್ಸು ಬರುವಾಗ ಗಾಡಿಯ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು, ಕಾಲಬುಡದಲ್ಲಿ ಚಿಕ್ಕ ಮೆಷಿನ್ನು. ಹಿರೀಸಾವೆ ದಾಟಿದ ಮೇಲೆ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು.

"ಬಲಗಡೇದು ಜಾರ್ತಿತ್ತು. ನಾನು ಕಣ್ಬುಟ್ಟಿದ್ದೆ."

ನಾನೂ ಮೆಲ್ಲಗೆ ಹೇಳಿದೆ: "ನಾನೂ ನೋಡ್ದೆ ಅತ್ತೆ. ನಂಗೆ ಕೆಲ್ಸ ಬುಡಾಕೆ ಆಗಾಕಿಲ್ಲ."

ಅತ್ತೆ ಪೈಪಿನ ತುದಿಗೆ ಅಂಟಿದ್ದ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ನನ್ನ ಹಣೆಗೆ ಹಚ್ಚಿದರು. "ಈ ಮೆಷಿನ್ನು ತಾಯಿ ಮೈಮೇಲಿನ ಹೂವನೇ ಬುಡ್ಲಿಲ್ಲ, ಇನ್ನು ನಿನ್ನ ದೂಳ ಬುಟ್ಟಾತಾ? ಓಗು, ಕೆಲ್ಸ ಮಾಡ್ಕೋ. ಅವರೆಕಾಯಿ ನಾನೊಬ್ಳೇ ಬುಡಿಸ್ಕತೀನಿ."

ನನಗೆ ಅಳು ಬಂತು. ಅವರಿಗೆ ಬೇಕಾಗಿದ್ದದ್ದು ಕೆಲಸ ಬಿಟ್ಟ ಸೊಸೆಯಲ್ಲ, ಮಾತಿಗೊಂದು ಜೊತೆ.

"ನೀವೂ ಬನ್ನಿ ಅತ್ತೆ. ಇನ್ಮೇಲೆ ದೂಳಿರಾಕಿಲ್ಲ. ಗಾಡೀಲೇ ಕೂತ್ಕಂಡು ಬುಡಿಸಿ" ಎಂದೆ.

ಅತ್ತೆಯ ಕಣ್ಣು ಮಿನುಗಿತು. ಆದರೂ ಬಿಗಿಯಾಗಿಯೇ ಹೇಳಿದರು: "ಬತ್ತೀನಿ. ಆದ್ರೆ ಅದ್ಕೂ ತಾಯಿನ ಒಂದು ಮಾತು ಕೇಳ್ಬುಡವ."

ಯಜಮಾನರು ಆಗಲೇ ಗಾಡಿ ತಿರುಗಿಸಲು ಇಂಡಿಕೇಟರ್ ಹಾಕಿದ್ದರು. ನಾನು ಪೈಪನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ.